ಪಂಚಮಿ ಉಂಡಿ ಡಬ್ಬಿಗೆ ಇರುವೆ: ವಿಷ ಹಾಕದೆ ಏನು ಮಾಡಬಹುದು?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಹಳೇ ಮನೆ. ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಕಲ್ಲು. ಮಳೆ ಶುರುವಾದಾಗಿಂದ ಅಡುಗೆಮನೆ ತುಂಬ ಇರುವೆ. ಪಂಚಮಿಗೆ ಮಾಡಿಟ್ಟ ಉಂಡಿ ಡಬ್ಬಿಗೂ ನುಗ್ಗಿವೆ, ಸ್ವಿಚ್ ಬೋರ್ಡಿನಿಂದಲೂ ಹೊರಗೆ ಬರುತ್ತವೆ. ಅರಿಶಿನ ಹಾಕಿದೆ, ಖಾರದ ಪುಡಿ ಹಾಕಿದೆ, ಅಂಗಡಿಯಲ್ಲಿ ಸಿಗುವ ಇರುವೆ ಚಾಕ್‌ಪೀಸಿನಿಂದ ಗೆರೆ ಎಳೆದೆ. ಎರಡು ದಿನ ಕಾಣಲ್ಲ, ಮೂರನೇ ದಿನ ಮತ್ತೆ ಸಾಲು. ಯಜಮಾನರು ಗೊಬ್ಬರದಂಗಡಿಯಿಂದ ಒಂದು ಪುಡಿ ತಂದಿಟ್ಟಿದ್ದಾರೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ, ಅದನ್ನು ಹಾಕಲು ನನಗೆ ಧೈರ್ಯ ಬರುತ್ತಿಲ್ಲ. ಅತ್ತೆಯವರು ಇರುವೆ ಕೊಲ್ಲಬಾರದು ಅಂತಾರೆ, ದಿನಾ ಬೆಳಿಗ್ಗೆ ಹೊಸ್ತಿಲ ಹತ್ತಿರ ಸಕ್ಕರೆ ಹಾಕ್ತಾರೆ. ವಿಷ ಇಲ್ಲದ ದಾರಿ ಏನಾದರೂ ಇದೆಯಾ?

ಉತ್ತರ: ದಾರಿ ಇದೆ ತಂಗಿ. ಆದರೆ ಮೊದಲು ಆ ಗೊಬ್ಬರದಂಗಡಿ ಪುಡಿಯ ವಿಷಯ ಮುಗಿಸೋಣ. ಅದನ್ನು ಅಡುಗೆಮನೆಗೆ ತರಲೇಬೇಡಿ. ನಿಮಗೆ ಧೈರ್ಯ ಬಾರದೇ ಇದ್ದದ್ದೇ ಒಳ್ಳೆಯದಾಯಿತು.

ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹತ್ತಿ, ಭತ್ತ, ಮೆಣಸಿನಕಾಯಿ ಬೆಳೆಯುವವರ ಮನೆಯಲ್ಲಿ ಹೊಲಕ್ಕೆ ಹೊಡೆದು ಉಳಿದ ಎಣ್ಣಿ, ಪುಡಿ, ಹರಳು ಅಟ್ಟದ ಮೇಲೆ ಇದ್ದೇ ಇರುತ್ತವೆ. ಇರುವೆ ಬಂತು, ತಿಗಣೆ ಬಂತು ಅಂದರೆ ಅದನ್ನೇ ಒಂದು ಚಿಟಿಕೆ ಉದುರಿಸುವ ರೂಢಿ. ಹೊಲದಲ್ಲಾದರೆ ಬಿಸಿಲು, ಮಳೆ, ಗಾಳಿಗೆ ಆ ಔಷಧದ ಕಸುವು ಬೇಗ ಇಳಿಯುತ್ತದೆ. ಮನೆಯೊಳಗೆ ಅದ್ಯಾವುದೂ ಇಲ್ಲ. ಕಲ್ಲಿನ ಸಂದಿಯಲ್ಲಿ ಬಿದ್ದದ್ದು ಬಹಳ ದಿನ ಅಲ್ಲೇ ಕೂರುತ್ತದೆ. ಮಗು ಅದೇ ನೆಲದ ಮೇಲೆ ಆಡುತ್ತದೆ, ಬಿದ್ದ ರೊಟ್ಟಿ ಚೂರು ಎತ್ತಿ ಬಾಯಿಗೆ ಹಾಕುತ್ತದೆ. ಹಿಂದೆ ಮನೆಮನೆಯಲ್ಲಿ ಉದುರಿಸುತ್ತಿದ್ದ ಬಿಎಚ್‌ಸಿ ಪುಡಿಯನ್ನು ಸರ್ಕಾರ 1997ರಲ್ಲೇ ನಿಷೇಧಿಸಿದೆ. ಮಿಥೈಲ್ ಪ್ಯಾರಾಥಿಯಾನ್ 2018ರಲ್ಲಿ ಹೋಯಿತು. ಫೋರೇಟ್ ಹರಳು, ಡೈಕ್ಲೋರ್ವಾಸ್ ಎರಡಕ್ಕೂ 2020ರ ಡಿಸೆಂಬರ್ 31ರಿಂದ ನಿಷೇಧ. ಹೊಲಕ್ಕೇ ಬೇಡ ಅಂದ ಔಷಧ ಒಲೆ ಪಕ್ಕ ಯಾಕೆ ಬೇಕು, ಅಲ್ವಾ?

ಪೊಟ್ಟಣದ ಮೇಲೆ ಹೆಸರು ಇದ್ದರೆ, ಬಾಯಿ ಒಡೆದಿರದಿದ್ದರೆ, ಅಂಗಡಿಗೇ ವಾಪಸ್ ಕೊಡಿ. ಹೆಸರೇ ಇಲ್ಲದ ಬಿಡಿ ಪುಡಿಯಾಗಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಚರಂಡಿಗೆ, ಬಾವಿಯ ಹತ್ತಿರ, ತಿಪ್ಪೆಗೆ ಚೆಲ್ಲಬೇಡಿ. ಅಲ್ಲಿಯವರೆಗೆ ಗಟ್ಟಿ ಚೀಲದಲ್ಲಿ ಕಟ್ಟಿ, ಬೀಗ ಇರುವ ಕಡೆ ಇಡಿ.

ಇನ್ನು ಆ ಚಾಕ್‌ಪೀಸು. ಅದು ಶಾಲೆಯ ಚಾಕ್ ಅಲ್ಲ. ಅದರಲ್ಲಿ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ ಬೆರೆಸಿರುತ್ತಾರೆ, ಹೊಲಕ್ಕೆ ಹೊಡೆಯುವ ಕೆಲವು ಔಷಧಗಳ ಬಳಗವೇ ಅದು. ನೋಡಲು ಸ್ಲೇಟಿನ ಬಳಪದ ಹಾಗೇ ಇರುವುದರಿಂದ ಮಗು ಕೈಗೆತ್ತಿಕೊಂಡು ಚೀಪುವ ಭಯ ಜಾಸ್ತಿ. ಎಳೆದ ಗೆರೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಬಿಸಾಡಿ, ಕೈ ಸೋಪು ಹಾಕಿ ತೊಳೆದುಕೊಳ್ಳಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಎರಡು ದಿನ ಕಾಣದೆ ಮೂರನೇ ದಿನ ಮತ್ತೆ ಯಾಕೆ ಬರುತ್ತವೆ?

ನೀವು ನೋಡುವ ಸಾಲು ಗೂಡಿನ ಒಂದು ಸಣ್ಣ ಪಾಲು ಮಾತ್ರ. ರಾಣಿ, ಮರಿಗಳು, ಮರಿ ಸಾಕುವ ಇರುವೆಗಳು ಒಳಗೇ ಇರುತ್ತವೆ. ಹೊರಗೆ ಬರುವುದು ಆಹಾರ ಹುಡುಕುವವು. ಒಂದು ಇರುವೆಗೆ ಬೆಲ್ಲ ಸಿಕ್ಕರೆ ವಾಪಸ್ ಹೋಗುವಾಗ ಹೊಟ್ಟೆಯ ತುದಿಯನ್ನು ನೆಲಕ್ಕೆ ತಾಗಿಸುತ್ತ ವಾಸನೆಯ ಗೆರೆ ಬಿಡುತ್ತದೆ. ಅದರ ಹಿಂದೆ ಬಂದವೂ ಅದೇ ಗೆರೆಯ ಮೇಲೆ ಮತ್ತೆ ವಾಸನೆ ಬಿಡುತ್ತವೆ. ಸಾಲು ದಪ್ಪವಾದಷ್ಟೂ ಗೆರೆ ಗಟ್ಟಿ. ನೀವು ಅರಿಶಿನ ಹಾಕಿದ ಜಾಗದಲ್ಲಿ ಸಾಲು ತುಂಡಾಗುತ್ತದೆ, ನಿಜ. ಆದರೆ ಅರಿಶಿನದ ಆಚೆಗೂ ಈಚೆಗೂ ಗೆರೆ ಹಾಗೇ ಉಳಿದಿರುತ್ತದೆ, ಬೆಲ್ಲವೂ ಅಲ್ಲೇ ಇರುತ್ತದೆ. ಸುತ್ತು ಹಾಕಿ ಬರಲು ಅವಕ್ಕೆ ಒಂದೆರಡು ದಿನ ಸಾಕು.

ಅದಕ್ಕೆ ಪುಡಿ ಹಾಕುವ ಮೊದಲು ನೋಡುವ ಕೆಲಸ. ರಾತ್ರಿ ಊಟವಾಗಿ, ಮುಸುರೆ ತೊಳೆದು, ಅಡುಗೆಮನೆ ದೀಪ ಆರಿಸಿದ ಮೇಲೆ ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ಬನ್ನಿ. ಒಂದು ಹಳೇ ರಟ್ಟಿನ ಚೂರಿನ ಮೇಲೆ ಒಂದು ಕಡೆ ಬೆಲ್ಲದ ನೀರಿನ ಹನಿ, ಇನ್ನೊಂದು ಕಡೆ ಎಣ್ಣೆ ಕಲೆಸಿದ ಶೇಂಗಾ ಪುಡಿ ಇಟ್ಟು ಸಾಲಿನ ಪಕ್ಕ ಬಿಡಿ. ಯಾವುದಕ್ಕೆ ಮುತ್ತುತ್ತವೆ ನೋಡಿ. ಗೂಡಿನಲ್ಲಿ ಮರಿ ಜಾಸ್ತಿ ಇದ್ದಾಗ ಅವಕ್ಕೆ ಕಾಳು, ಎಣ್ಣೆ, ಸತ್ತ ಜಿರಲೆಯಂಥದ್ದು ಬೇಕಾಗುತ್ತದೆ. ಬೇರೆ ಹೊತ್ತಲ್ಲಿ ಸಿಹಿ. ಇದು ಗೊತ್ತಿದ್ದರೆ ಮುಂದಿನ ಕೆಲಸ ಸುಲಭ. ಆಮೇಲೆ ತಿಂದ ಇರುವೆ ಎತ್ತ ಹೋಗುತ್ತದೆ ಅಂತ ಹಿಂಬಾಲಿಸಿ. ಬರುವ ಇರುವೆಯ ಹಿಂದೆ ಹೋಗಬೇಡಿ, ಹೊಟ್ಟೆ ತುಂಬಿದ್ದರ ಹಿಂದೆ ಹೋಗಿ. ಅದು ನೇರ ಬಾಗಿಲಿಗೆ ಕರೆದೊಯ್ಯುತ್ತದೆ.

ಯಾವ ಇರುವೆ ಅನ್ನುವುದನ್ನೂ ನೋಡಿಕೊಳ್ಳಿ. ಭಾರತದಲ್ಲಿ 800ಕ್ಕೂ ಹೆಚ್ಚು ಜಾತಿಯ ಇರುವೆಗಳಿವೆ, ಆದರೆ ಮನೆಯೊಳಗೆ ಕಾಡುವವು ನಾಲ್ಕೈದೇ. ತಲೆ ಕಪ್ಪು, ಹಿಂಬದಿ ಬೆಳ್ಳಗೆ, ಗಮನಿಸದಿದ್ದರೆ ಕಾಣದಷ್ಟು ಸಣ್ಣದು ಒಂದಿದೆ. ಬೆರಳಲ್ಲಿ ಹೊಸಕಿ ಮೂಸಿ ನೋಡಿದರೆ ಕೆಟ್ಟ ಕೊಬ್ಬರಿಯ ವಾಸನೆ ಬರುತ್ತದೆ. ಸಕ್ಕರೆ ಡಬ್ಬಿಗೆ ಬರುವುದು ಬಹಳ ಸಲ ಇದೇ. ಹಳದಿ ಮಿಶ್ರಿತ ಕಂದು ಬಣ್ಣದ, ಎರಡು ಮಿಲಿಮೀಟರಿನಷ್ಟೇ ಉದ್ದದ ಫೇರೋ ಇರುವೆ ಇನ್ನೊಂದು. ಇದು ಗೋಡೆಯ ಬಿರುಕು, ಸ್ವಿಚ್ ಬೋರ್ಡು, ಹಳೇ ಪೆಟ್ಟಿಗೆ ಎಲ್ಲೆಂದರಲ್ಲಿ ಗೂಡು ಮಾಡುತ್ತದೆ. ಉದ್ದ ಕಾಲಿನ, ದಿಕ್ಕುತಪ್ಪಿದ ಹಾಗೆ ಅತ್ತಿತ್ತ ಓಡುವ ಕರೀ ಇರುವೆ ಮೂರನೆಯದು. ಇವು ಕಚ್ಚಿದರೂ ಗೊತ್ತಾಗುವುದಿಲ್ಲ. ಕಚ್ಚಿ ಉರಿ ಎಬ್ಬಿಸುವುದು ಕೆಂಪಿರುವೆ. ಅದು ಮಣ್ಣಿನ ಜಾತಿ. ಶಹಾಬಾದ್ ಕಲ್ಲಿನ ಸಂದಿಯಲ್ಲಿ ಬೆಳಿಗ್ಗೆ ಎದ್ದಾಗ ಸಣ್ಣ ಮಣ್ಣಿನ ಗುಪ್ಪೆ ಕಂಡರೆ ಅದೇ ಇರುತ್ತದೆ. ಶೇಂಗಾ, ಎಣ್ಣೆ, ಕಾಳು ಅದಕ್ಕೆ ಪ್ರೀತಿ. ದೊಡ್ಡ ಕಪ್ಪಿರುವೆ ಹೊರಗಿನದು. ಮರದ ಬುಡದಲ್ಲಿ ಗೂಡು ಮಾಡಿ ಸಿಹಿಗೆ ಮಾತ್ರ ಒಳಗೆ ಬರುತ್ತದೆ, ಸಿಹಿ ಮುಚ್ಚಿಟ್ಟರೆ ಹೊರಟುಹೋಗುತ್ತದೆ.

ಮೊದಲೆರಡು ಜಾತಿಗಳಿಗೆ ಒಂದು ಗುಣವಿದೆ, ಅದಕ್ಕೇ ಸ್ಪ್ರೇ ಹೊಡೆಯಬೇಡಿ ಅನ್ನುತ್ತೇನೆ. ಅವುಗಳ ಗೂಡಿನಲ್ಲಿ ರಾಣಿ ಒಂದಲ್ಲ, ಹಲವು. ಘಾಟು ಔಷಧ ಬಿದ್ದರೆ ಗೂಡು ಒಡೆದು, ಒಂದೊಂದು ರಾಣಿಯ ಜೊತೆ ಒಂದೊಂದು ಗುಂಪು ಬೇರೆ ಬೇರೆ ಸಂದಿಗೆ ಹೋಗಿ ಸೇರುತ್ತದೆ. ಒಂದು ಗೂಡು ಇದ್ದಲ್ಲಿ ನಾಲ್ಕಾಗುತ್ತವೆ. ಸ್ಪ್ರೇ ಹೊಡೆದ ಮೇಲೆ ಇನ್ನೂ ಜಾಸ್ತಿ ಆದವು ಅಂತ ಜನ ಹೇಳುವುದು ಸುಳ್ಳಲ್ಲ.

ಇನ್ನು ಮಳೆಗಾಲದಲ್ಲೇ ಯಾಕೆ ಅಂದರೆ, ನೀರು ನುಗ್ಗಿ ನೆಲದ ಗೂಡು ಹಾಳಾಗುತ್ತದೆ, ಒಣ ಜಾಗ ಹುಡುಕಿ ಅವು ಮೇಲೆ ಬರುತ್ತವೆ. ಬಾಯಲ್ಲಿ ಬಿಳಿ ಕಾಳು ಕಚ್ಚಿಕೊಂಡು ಹೋಗುವುದನ್ನು ನೋಡಿರುತ್ತೀರಿ. ಮೊಟ್ಟೆ ಅಂತೀವಿ, ಆದರೆ ಅವು ಬಹುತೇಕ ಮರಿಗಳು ಮತ್ತು ಕೋಶಗಳು. ನಿಜವಾದ ಮೊಟ್ಟೆ ಕಣ್ಣಿಗೆ ಕಾಣುವುದೇ ಕಷ್ಟ. ಮೇಲಾಗಿ ಶ್ರಾವಣದಲ್ಲಿ ನಮ್ಮ ಮನೆಗಳಲ್ಲಿ ಏನಿರುತ್ತದೆ? ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ರವೆ ಉಂಡಿ. ಬೆಲ್ಲ, ತುಪ್ಪ, ಕಾಳು ಮೂರೂ ಒಂದೇ ಡಬ್ಬಿಯಲ್ಲಿ. ಇರುವೆಗಳಿಗೂ ಅದು ಹಬ್ಬವೇ.

ಸಾಲು ಒರೆಸುವುದಕ್ಕೆ ವಿನೆಗರ್ ಸಿಂಪಡಿಸಿ, ನಿಂಬೆಹಣ್ಣು ಉಜ್ಜಿ ಅಂತ ಎಲ್ಲ ಕಡೆ ಬರೆಯುತ್ತಾರೆ. ನಿಮ್ಮ ಮನೆಗೆ ಅದು ಬೇಡ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಹುಳಿ ಬಿದ್ದರೆ ಅದು ತಿಂದುಹೋಗುತ್ತದೆ. ಅನುಮಾನ ಇದ್ದರೆ ಮೂಲೆಯಲ್ಲಿ ಕಾಣದ ಕಡೆ ಒಂದು ಹನಿ ನಿಂಬೆರಸ ಬಿಟ್ಟು ನೋಡಿ. ಒರೆಸಿದ ಮೇಲೆ ಅಷ್ಟು ಜಾಗ ಹೊಳಪು ಹೋಗಿ ಮಂಕಾಗಿರುತ್ತದೆ. ಅಡುಗೆ ಕಟ್ಟೆಗೆ ಹಾಕುವ ಕಡಪಾ ಕಲ್ಲಿನದೂ ಇದೇ ಕಥೆ. ಗ್ರಾನೈಟ್ ಕಟ್ಟೆಯಾದರೆ ತೊಂದರೆ ಇಲ್ಲ. ಕುಷ್ಟಗಿ, ಇಳಕಲ್ ಕಡೆಯ ಗ್ರಾನೈಟ್ ಒಂದೆರಡು ಹನಿ ಹುಳಿಗೆ ಜಗ್ಗುವುದಿಲ್ಲ.

ಶಹಾಬಾದ್ ನೆಲಕ್ಕೆ ಪಾತ್ರೆ ತೊಳೆಯುವ ಸೋಪಿನ ನೀರೇ ಸಾಕು. ಒಂದು ಚೊಂಬು ಬೆಚ್ಚನೆಯ ನೀರಿಗೆ ಒಂದು ಚಮಚ ಸೋಪು. ಬಟ್ಟೆ ಅದ್ದಿ ಸಾಲಿನ ಉದ್ದಕ್ಕೂ, ಡಬ್ಬಿಯಿಂದ ಬಿರುಕಿನ ಬಾಯಿಯವರೆಗೆ, ಒತ್ತಿ ಒರೆಸಿ. ಬರೀ ನೀರಿನ ಬಟ್ಟೆ ಸಾಲದು, ಆ ವಾಸನೆ ಜಿಡ್ಡಿನಂಥದ್ದು, ಸೋಪೇ ಬೇಕು. ಬಿರುಕಿನ ಸುತ್ತ ಒಂದು ಗೇಣು ಜಾಗ ಎರಡು ಸಲ ಒರೆಸಿ. ನಾಲ್ಕೈದು ದಿನ ಸಂಜೆ ಇದೇ ಕೆಲಸ. ಇದರಲ್ಲಿ ಘಾಟಿಲ್ಲ, ಖರ್ಚಿಲ್ಲ, ಆದ್ದರಿಂದ ಜನರಿಗೆ ನಂಬಿಕೆಯೂ ಇಲ್ಲ. ಆದರೆ ನಾನು ಹೇಳುವ ಎಲ್ಲದರಲ್ಲಿ ಜಾಸ್ತಿ ಕೆಲಸ ಮಾಡುವುದು ಇದು ಮತ್ತು ಇದರ ಮುಂದಿನದು.

ಮುಂದಿನದು ಸಂದಿ ಮುಚ್ಚುವುದು. ಹಳೇ ಕಲ್ಲಿನ ಮನೆಯಲ್ಲಿ ಎಲ್ಲ ಸಂದಿ ಮುಚ್ಚಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಟಾರ್ಚ್ ಹಿಡಿದು ಕಂಡುಕೊಂಡ ಒಂದೆರಡು ಬಾಯಿ ಸಾಕು. ಅವಸರಕ್ಕೆ ಬಟ್ಟೆ ಸೋಪಿನ ತುಂಡನ್ನು ಸ್ವಲ್ಪ ಒದ್ದೆ ಮಾಡಿ ಬಿರುಕಿನೊಳಗೆ ಉಜ್ಜಿ ತುಂಬಿ, ಕೆಲವು ದಿನ ತಡೆಯುತ್ತದೆ. ಮಳೆ ನಿಂತು ಗೋಡೆ ಒಣಗಿದ ಮೇಲೆ ಖಾಯಂ ಕೆಲಸ ಮಾಡಿಸಿ. ಟೈಲ್ಸ್, ಕಟ್ಟೆಯ ಸಂದಿಗೆ ಬಿಳಿ ಸಿಮೆಂಟ್, ಕಿಟಕಿ ಚೌಕಟ್ಟಿನ ಸುತ್ತ ಸಿಲಿಕಾನ್, ನೆಲದ ಕಲ್ಲಿನ ನಡುವೆ ಸುಣ್ಣ ಮರಳಿನ ಗಾರೆ. ನಿಮ್ಮ ಮನೆ ಎರೆ ಭೂಮಿಯ ಮೇಲಿದ್ದರೆ ಒಂದು ಮಾತು ನೆನಪಿಡಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಜೊತೆ ನೆಲವೂ ಅಲುಗುತ್ತದೆ. ಗಟ್ಟಿ ಸಿಮೆಂಟ್ ಹಾಕಿದ ಸಂದಿ ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ, ಗಾರೆ ಸ್ವಲ್ಪ ತಡೆದುಕೊಳ್ಳುತ್ತದೆ. ಹೇಗಿದ್ದರೂ ವರ್ಷಕ್ಕೊಮ್ಮೆ, ಕಾರಹುಣ್ಣಿಮೆ ಹೊತ್ತಿಗೆ, ಒಂದು ಸಲ ನೋಡಿಕೊಳ್ಳಿ. ಮಸಾರಿ ನೆಲದ ಮನೆಗಳಲ್ಲಿ ಈ ತಾಪತ್ರಯ ಕಡಿಮೆ.

ಸ್ವಿಚ್ ಬೋರ್ಡಿನ ಇರುವೆಗೆ ನೀರು, ಸೋಪಿನ ನೀರು, ಪುಡಿ, ಸ್ಪ್ರೇ ಏನೂ ಹಾಕಬೇಡಿ. ಕರೆಂಟು ಮನುಷ್ಯರಿಗೆ ಹೊಡೆಯುತ್ತದೆ. ಗೋಡೆಯೊಳಗಿನ ವೈರಿನ ಪೈಪು ಅವಕ್ಕೆ ರಾಜಮಾರ್ಗ, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಒಳಗಿಂದಲೇ ಹೋಗುತ್ತವೆ. ಎಲೆಕ್ಟ್ರಿಷಿಯನ್ ಕರೆಸಿ, ಮೇನ್ ಆಫ್ ಮಾಡಿಸಿ, ಪೈಪಿನ ಬಾಯಿ ಮುಚ್ಚಿಸಿ. ಬೋರ್ಡಿನ ಪಕ್ಕದ ಗೋಡೆಯನ್ನು ನೀವು ಒರೆಸಿದರೆ ಸಾಕು.

ಹೊರಗೂ ಒಂದು ಸುತ್ತು ಹಾಕಿ. ಅಡುಗೆಮನೆ ಕಿಟಕಿಯ ಹೊರಗೆ ಕರಿಬೇವು, ದಾಸವಾಳ, ಪೇರಲ ಗಿಡ ಇದೆಯಾ? ಇದ್ದರೆ ಅದರ ಎಲೆ ಮಗುಚಿ ನೋಡಿ. ಬಿಳಿ ಹತ್ತಿ ಅಂಟಿಸಿದ ಹಾಗೆ ಹಿಟ್ಟು ತಿಗಣೆ ಕೂತಿದ್ದರೆ, ಅಥವಾ ಚಿಗುರಿನಲ್ಲಿ ಹೇನು ಮುತ್ತಿದ್ದರೆ, ನಿಮ್ಮ ಇರುವೆಯ ಒಂದು ಕಾರಣ ಅಲ್ಲೇ ಸಿಕ್ಕಿತು. ಈ ಹುಳುಗಳು ಗಿಡದ ರಸ ಹೀರಿ ಸಿಹಿ ಅಂಟು ಬಿಡುತ್ತವೆ. ಇರುವೆಗಳು ಅದನ್ನು ನೆಕ್ಕುತ್ತವೆ, ಬದಲಿಗೆ ಹುಳುಗಳನ್ನು ಶತ್ರುಗಳಿಂದ ಕಾಯುತ್ತವೆ. ನಮ್ಮವರು ಎಮ್ಮೆ ಸಾಕಿದ ಹಾಗೆಯೇ. ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಬೆರೆಯುವುದಕ್ಕೆ ನಾಲ್ಕು ಹನಿ ಪಾತ್ರೆ ಸೋಪು. ಚೆನ್ನಾಗಿ ಅಲುಗಿಸಿ, ಸಂಜೆ ಬಿಸಿಲು ಇಳಿದ ಮೇಲೆ ಎಲೆಯ ಕೆಳಗೂ ಮೇಲೂ ಹೊಡೆಯಿರಿ. ವಾರ ಬಿಟ್ಟು ಮತ್ತೊಮ್ಮೆ. ಆ ವಾರ ಒಗ್ಗರಣೆಗೆ ಆ ಗಿಡದ ಕರಿಬೇವು ಬೇಡ. ಗೋಡೆಗೆ, ಮಾಳಿಗೆಗೆ ತಾಗುವ ಟೊಂಗೆ ಕಡಿಯಿರಿ, ಅದು ಅವಕ್ಕೆ ಸೇತುವೆ. ಗೋಡೆಗೆ ಆನಿಸಿಟ್ಟ ಕಟ್ಟಿಗೆ, ಹತ್ತಿ ಕಟ್ಟಿಗೆಯ ಹೊರೆ, ಹಳೇ ಗೋಣಿಚೀಲ ಕೂಡ ಎರಡು ಮೊಳ ದೂರ ಸರಿಸಿ.

ಬಾಗಿಲ ಚೌಕಟ್ಟಿನ ಮೇಲೆ ಮಣ್ಣಿನ ಕೊಳವೆ ಕಂಡರೆ ಅದು ಇರುವೆಯಲ್ಲ, ಗೆದ್ದಲು. ಅದಕ್ಕೆ ಈ ಉಪಾಯ ಯಾವುದೂ ನಡೆಯುವುದಿಲ್ಲ. ಮಳೆ ಬಿದ್ದ ಸಂಜೆ ದೀಪಕ್ಕೆ ಬಂದ ರೆಕ್ಕೆಯ ಹುಳದಲ್ಲಿ ಸೊಂಟ ಸಣ್ಣಗಿದ್ದು, ಮುಂದಿನ ರೆಕ್ಕೆ ದೊಡ್ಡದು ಹಿಂದಿನದು ಸಣ್ಣದು ಇದ್ದರೆ ಇರುವೆ. ಸೊಂಟವೇ ಇಲ್ಲದೆ ನಾಲ್ಕೂ ರೆಕ್ಕೆ ಒಂದೇ ಅಳತೆ ಇದ್ದರೆ ಗೆದ್ದಲು. ಇರುವೆಗಳು ಗೆದ್ದಲನ್ನು ಹಿಡಿದು ತಿನ್ನುತ್ತವೆ ಅನ್ನುವುದೂ ಗೊತ್ತಿರಲಿ.

ಈಗ ಉಂಡಿ ಡಬ್ಬಿ. ನುಗ್ಗಿರುವ ಇರುವೆ ಬಿಡಿಸಲು ಉಂಡಿಗಳನ್ನು ತಾಟಿನಲ್ಲಿ ಹರವಿ ಸ್ವಲ್ಪ ಹೊತ್ತು ಬಿಸಿಲಿಗಿಡಿ, ತಾವೇ ಇಳಿದು ಹೋಗುತ್ತವೆ. ತುಪ್ಪ ಜಾಸ್ತಿ ಇರುವ ರವೆ, ಬೇಸನ್ ಉಂಡಿ ಕರಗುತ್ತವೆ, ಅವನ್ನು ನೆರಳಲ್ಲೇ ಒಂದೊಂದಾಗಿ ಕೊಡವಿ. ಒಳಗೆಲ್ಲ ಮುತ್ತಿದ್ದರೆ ತೆಗೆದುಬಿಡಿ. ಬಚ್ಚಲಲ್ಲಿ, ಸತ್ತ ಜಿರಲೆಯ ಮೇಲೆ ನಡೆದ ಇರುವೆಯೇ ಉಂಡಿಗೂ ಬಂದಿರುತ್ತದೆ, ಮಗುವಿಗೆ ಕೊಡುವುದು ಬೇಡ.

ಸ್ಟೀಲ್ ಡಬ್ಬಿಯ ಮುಚ್ಚಳ ನಮಗೆ ಬಿಗಿ ಅನಿಸುತ್ತದೆ, ಸಣ್ಣ ಇರುವೆಗೆ ಅದು ಹೆಬ್ಬಾಗಿಲು. ರಬ್ಬರ್ ಸುತ್ತು ಇರುವ ಮುಚ್ಚಳದ ಡಬ್ಬಿಯಾದರೆ ಒಳ್ಳೆಯದು. ಇಲ್ಲದಿದ್ದರೆ ಡಬ್ಬಿಯ ಬಾಯಿಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಕಿ ಮೇಲೆ ಮುಚ್ಚಳ ಒತ್ತಿ. ಡಬ್ಬಿಯ ಒಳಗಿಗಿಂತ ಹೊರಗು ಮುಖ್ಯ. ಬೆಲ್ಲದ ಕೈಯಲ್ಲಿ ಮುಟ್ಟಿದ ಮುಚ್ಚಳದ ಅಂಚು, ಎಣ್ಣೆ ಬಾಟಲಿಯ ಬುಡದ ಜಿಡ್ಡು, ಇವೇ ಮೊದಲ ಇರುವೆಯನ್ನು ಕರೆಯುವುದು. ವಾರಕ್ಕೊಮ್ಮೆ ಡಬ್ಬಿಗಳ ಬುಡ ಒರೆಸಿ. ದೇವರ ಜಗಲಿಯನ್ನೂ ಮರೆಯಬೇಡಿ. ನೈವೇದ್ಯದ ಸಕ್ಕರೆ, ಒಡೆದ ತೆಂಗಿನಕಾಯಿ, ದೀಪದಿಂದ ಸೋರಿದ ಎಣ್ಣೆ ರಾತ್ರಿಯಿಡೀ ಅಲ್ಲೇ ಇರುತ್ತವೆ.

ಇಷ್ಟಾದರೂ ಭಯ ಇದ್ದರೆ ಹಿರಿಯರ ಉಪಾಯ ಇದ್ದೇ ಇದೆ, ನೀರಿನ ತಾಟು. ಅಗಲ ತಾಟಿನಲ್ಲಿ ಒಂದು ಬೆರಳಿನಷ್ಟು ನೀರು ಹಾಕಿ, ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಡಬ್ಬಿ. ಹಳೇ ಜಾಳಿಗೆ ಕಪಾಟಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡುತ್ತಿದ್ದದ್ದು ಇದಕ್ಕೇ. ಕೆಲವರು ಹೇಳುತ್ತಾರೆ, ನೀರಿಟ್ಟರೂ ದಾಟಿ ಬಂದವು ಅಂತ. ದಾಟುತ್ತವೆ. ನೀರಿನ ಮೇಲೆ ಹಿಟ್ಟಿನ ದೂಳು, ಕೂದಲು ಕೂತಿದ್ದರೆ ಅದರ ಮೇಲೆ ನಡೆದೇ ಹೋಗುತ್ತವೆ. ಹಗುರ ಇರುವೆಯನ್ನು ನೀರಿನ ಮೇಲ್ಪದರವೇ ಹೊರುತ್ತದೆ. ಎರಡು ಹನಿ ಪಾತ್ರೆ ಸೋಪು ಬೆರೆಸಿದರೆ ಆ ಪದರದ ಬಿಗಿ ಹೋಗುತ್ತದೆ, ಕಾಲಿಟ್ಟ ಇರುವೆ ಮುಳುಗುತ್ತದೆ. ಡಬ್ಬಿ ಗೋಡೆಗೆ ತಾಗದಿರಲಿ. ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ, ತಾಟು ಉಜ್ಜಿ ಮತ್ತೆ ತುಂಬಿ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ವಾರ ಹತ್ತು ದಿನದಲ್ಲಿ ಬೆಳೆದು ಹಾರಿಬಿಡುತ್ತದೆ.

ಉಳಿದ ಮನೆಮದ್ದುಗಳ ಬಗ್ಗೆ ಚುರುಕಾಗಿ ಹೇಳಿಬಿಡುತ್ತೇನೆ. ಅರಿಶಿನ, ಬೂದಿ, ರಂಗೋಲಿ ಹುಡಿ ಒಣಗಿರುವಷ್ಟು ಹೊತ್ತು ತಡೆಯುತ್ತವೆ. ನಯವಾದ ಪುಡಿಯ ಮೇಲೆ ನಡೆಯಲು ಇರುವೆಗೆ ಇಷ್ಟವಿಲ್ಲ. ಒದ್ದೆಯಾದರೆ ಮುಗಿಯಿತು. ಖಾರದ ಪುಡಿ ಮಗು ಇರುವ ಮನೆಯಲ್ಲಿ ಬೇಡ, ಇರುವೆಗಿಂತ ಮೊದಲು ಮಗುವಿನ ಕಣ್ಣಿಗೆ ಹೋಗುತ್ತದೆ. ಲವಂಗ, ಚಕ್ಕೆಯ ಎಣ್ಣೆಯ ಘಾಟಿಗೆ ಇರುವೆ ದೂರ ಹೋಗುವುದು ನಿಜ, ಆದರೆ ಅದು ಆರಿಹೋಗುವವರೆಗೆ ಮಾತ್ರ. ಸಕ್ಕರೆ ಡಬ್ಬಿಗೆ ನಾಲ್ಕು ಲವಂಗ ಹಾಕುವುದರಿಂದ ನಷ್ಟವಿಲ್ಲ, ಅದನ್ನೇ ನಂಬಿ ಮುಚ್ಚಳ ಸಡಿಲ ಬಿಟ್ಟರೆ ಕಷ್ಟ. ನುಸಿಗುಳಿಗೆ ನೈಸರ್ಗಿಕವಲ್ಲ, ಅಡುಗೆಮನೆಗೆ ತರಬೇಡಿ, ಮಗು ಮಿಠಾಯಿ ಅಂತ ತಿಂದೀತು. ರವೆ ಹಾಕಿದರೆ ತಿಂದು ಹೊಟ್ಟೆ ಉಬ್ಬಿ ಸಾಯುತ್ತವೆ ಅನ್ನುವುದು ಬರೀ ಮಾತು. ಬೆಳೆದ ಇರುವೆ ಗಟ್ಟಿ ಪದಾರ್ಥ ನುಂಗುವುದೇ ಇಲ್ಲ. ರಸ ಮಾತ್ರ ಹೀರುತ್ತದೆ, ಗಟ್ಟಿಯದನ್ನು ಹೊತ್ತೊಯ್ದು ಮರಿಗಳಿಗೆ ಕೊಡುತ್ತದೆ. ನೀವು ರವೆ ಹಾಕಿದರೆ ಅವುಗಳ ಮರಿ ಸಾಕಿದ ಹಾಗೆ.

ಒರೆಸಿ, ಮುಚ್ಚಿ, ಡಬ್ಬಿ ಸರಿಮಾಡಿ ಎರಡು ವಾರವಾದರೂ ಸಾಲು ನಿಲ್ಲಲಿಲ್ಲ ಅಂದರೆ ಗೂಡು ಮನೆಯೊಳಗೇ ಇದೆ ಅಂತ ಅರ್ಥ. ಆಗ ಉಳಿಯುವುದು ಬೋರಿಕ್ ಪುಡಿ. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಕೇರಂ ಬೋರ್ಡಿಗೆ ಹಾಕುವುದೂ ಸಾಮಾನ್ಯವಾಗಿ ಅದೇ. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರದ ಸಂಬಂಧಿ, ನೆಲದಿಂದ ಬರುವ ಖನಿಜ. ನೈಸರ್ಗಿಕ ಹೌದು, ಆದರೆ ನಿರಪಾಯ ಅಲ್ಲ. ಇರುವೆಗೆ ಇದು ವಿಷವೇ, ಮಗು ನುಂಗಿದರೆ ಮಗುವಿಗೂ ಅಪಾಯ. ಅತ್ತೆಯವರಿಗೆ ಇಷ್ಟವಾಗದಿರಬಹುದು, ಅದಕ್ಕೇ ಕೊನೆಗೆ ಹೇಳುತ್ತಿದ್ದೇನೆ.

ಅರ್ಧ ಲೋಟ, ಅಂದರೆ ಸುಮಾರು 100 ಮಿಲಿಲೀಟರ್ ಬೆಚ್ಚನೆಯ ನೀರಿಗೆ ಎರಡು ಟೀ ಚಮಚ ಸಕ್ಕರೆ, ಕಾಲು ಟೀ ಚಮಚ ಬೋರಿಕ್ ಪುಡಿ. ಇನ್ನೂ ಸ್ವಲ್ಪ ಇರಲಿ ಅಂತ ಜಾಸ್ತಿ ಹಾಕಿದರೆ ಕೆಲಸ ಕೆಡುತ್ತದೆ. ಗಾಢವಾದರೆ ಕುಡಿದ ಇರುವೆ ದಾರಿಯಲ್ಲೇ ಸಾಯುತ್ತದೆ, ಇಲ್ಲವೇ ಮುಟ್ಟುವುದೇ ಇಲ್ಲ. ಕಡಿಮೆ ಇದ್ದರೆ ಹೊಟ್ಟೆಯಲ್ಲಿ ತುಂಬಿಕೊಂಡು ಗೂಡಿಗೆ ಹೋಗಿ ಬಾಯಿಂದ ಬಾಯಿಗೆ ಹಂಚುತ್ತದೆ, ಹಾಗೆ ರಾಣಿಗೂ ತಲುಪುತ್ತದೆ. ಶೇಂಗಾಕ್ಕೆ ಮುತ್ತುವ ಕೆಂಪಿರುವೆಯಾದರೆ ಎರಡು ದೊಡ್ಡ ಚಮಚ ಶೇಂಗಾ ಪುಡಿಗೆ ಎಣ್ಣೆ ಕಲೆಸಿ, ಒಂದು ಚಿಟಿಕೆ ಬೋರಿಕ್. ಮಾತ್ರೆ ಡಬ್ಬಿಯಂಥ ಗಟ್ಟಿ ಮುಚ್ಚಳದ ಡಬ್ಬಿಯ ಬದಿಗೆ ಸಣ್ಣ ತೂತು ಮಾಡಿ, ಹತ್ತಿಯನ್ನು ಆ ನೀರಿನಲ್ಲಿ ಅದ್ದಿ ಒಳಗಿಟ್ಟು, ಮುಚ್ಚಳಕ್ಕೆ ಟೇಪು ಸುತ್ತಿ. ಮಗುವಿಗೆ ಎಟುಕದ ಕಡೆ, ಫ್ರಿಜ್ಜಿನ ಮೇಲೆ ಅಥವಾ ಎತ್ತರದ ಮಾಡದಲ್ಲಿ ಸಾಲಿನ ಪಕ್ಕ ಇಡಿ. ಕಲೆಸಿದ ಲೋಟ, ಚಮಚ ಮತ್ತೆ ಅಡುಗೆಗೆ ಬೇಡ. ಅಕಸ್ಮಾತ್ ಮಗು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸುವ ಸಾಹಸ ಮಾಡದೆ, ಪುಡಿಯ ಪೊಟ್ಟಣ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ.

ಡಬ್ಬಿ ಇಟ್ಟಿರುವಷ್ಟು ದಿನ ಅಲ್ಲಿಗೆ ಬರುವ ಸಾಲನ್ನು ಒರೆಸಬೇಡಿ. ಇಲ್ಲಿ ಬಹಳ ಜನ ಎಡವುತ್ತಾರೆ. ಒಂದು ಕಡೆ ಉಣಿಸಲು ಇಟ್ಟು, ಇನ್ನೊಂದು ಕಡೆ ದಾರಿ ಅಳಿಸಿದರೆ ಅವು ಬರುವುದು ಹೇಗೆ? ಮೊದಲೆರಡು ದಿನ ಇರುವೆ ಜಾಸ್ತಿಯಾಗುತ್ತವೆ, ಗಾಬರಿಯಾಗಬೇಡಿ. ಎರಡು ಮೂರು ದಿನಕ್ಕೊಮ್ಮೆ ಹತ್ತಿ ಬದಲಿಸಿ. ಒಂದೆರಡು ವಾರದಲ್ಲಿ ಸಾಲು ತೆಳುವಾಗುತ್ತದೆ. ನಿಂತ ಮೇಲೆ ಸೋಪಿನ ನೀರು, ಆಮೇಲೆ ಸಂದಿ ಮುಚ್ಚುವುದು.

ನೀವು ಕೇಳಿಲ್ಲ, ಆದರೂ ಒಂದು ಮಾತು. ಬಚ್ಚಲಲ್ಲಿ ಮೂತ್ರ ಮಾಡಿದ ಜಾಗಕ್ಕೇ ಇರುವೆ ಮುತ್ತುತ್ತಿದ್ದರೆ ಮನೆಯ ಹಿರಿಯರಿಗೆ ಒಮ್ಮೆ ಸಕ್ಕರೆ ಕಾಯಿಲೆಯ ರಕ್ತ ಪರೀಕ್ಷೆ ಮಾಡಿಸಿ. ಇರುವೆ ಬಂದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ, ಬರಲಿಲ್ಲ ಅಂದರೆ ಇಲ್ಲ ಅಂತಲೂ ಅಲ್ಲ. ಪರೀಕ್ಷೆಯೇ ಹೇಳಬೇಕು.

ಕೊನೆಗೆ ಅತ್ತೆಯವರ ಸಕ್ಕರೆ. ನಿಲ್ಲಿಸಿ ಅಂತ ಹೇಳಬೇಡಿ, ಜಾಗ ಬದಲಿಸಿ. ಹೊಸ್ತಿಲಲ್ಲಿ ಹಾಕಿದ ಸಕ್ಕರೆ ಇರುವೆಗೆ ಮನೆಯೊಳಗಿನ ದಾರಿ ತೋರಿಸುತ್ತದೆ. ಅದೇ ಸಕ್ಕರೆಯನ್ನು ಹಿತ್ತಲ ತುದಿಯಲ್ಲಿ, ಗೋಡೆಯಿಂದ ಹದಿನೈದು ಇಪ್ಪತ್ತು ಹೆಜ್ಜೆ ದೂರದ ಬೇವಿನ ಮರದ ಬುಡಕ್ಕೆ ಹಾಕಲಿ. ಮರದ ಟೊಂಗೆ ಮಾಳಿಗೆಗೆ ತಾಗಿರಬಾರದು, ಅಷ್ಟೆ. ಅಲ್ಲಿರುವ ದೊಡ್ಡ ಕಪ್ಪಿರುವೆಯ ಗೂಡಿಗೆ ಕುದಿಯುವ ನೀರು ಹೊಯ್ಯುವ ಅಗತ್ಯವೂ ಇಲ್ಲ. ಹೊಯ್ದರೂ ರಾಣಿ ಆಳದಲ್ಲಿ ಉಳಿದುಬಿಡಬಹುದು, ಮರದ ಬೇರು ಮಾತ್ರ ಬೆಂದೀತು. ಕೆಂಪಿರುವೆಯ ಗೂಡು ಮಗು ಆಡುವ ಅಂಗಳದಲ್ಲೇ ಇದ್ದರೆ ಮಾತ್ರ ಬೆಳಿಗ್ಗೆ ತಂಪು ಹೊತ್ತಲ್ಲಿ, ಅವು ಮೇಲಿರುವಾಗ, ಎರಡು ಮೂರು ಕೊಡ ಬಿಸಿನೀರು ನಿಧಾನಕ್ಕೆ ಸುರಿಯಿರಿ. ಶಹಾಬಾದ್ ಹಾಸಿನ ಮೇಲೆ ಮಾತ್ರ ಸುರಿಯಬೇಡಿ, ಕಲ್ಲು ಸೀಳೀತು. ಮಗುವನ್ನು ಆ ಹೊತ್ತಿಗೆ ಯಾರಾದರೂ ಒಳಗೆ ಎತ್ತಿಕೊಂಡಿರಲಿ.